ಹರಿಕೇನ್ ಬಂದಾಗ ಎಲ್ಲಿಗೆ, ಯಾವಾಗ, ಹೇಗೆ ಹೊರಡಬೇಕು: ಟ್ಯಾಂಪಾ ಬೇ ತಗ್ಗಿನಲ್ಲಿರುವ ನಮ್ಮವರಿಗೆ

"ಆಗುಂಬೆ ಮಳೆ ನೋಡಿದವರಿಗೆ ಇದೇನು ಮಹಾ" ಅಂತ ನಮ್ಮಪ್ಪ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದರು. ಅಪ್ಪ, ಅಮ್ಮ ಸಾಗರದಿಂದ ಬಂದು ನಮ್ಮ ಜೊತೆ ಅಮೆರಿಕದ ಫ್ಲಾರಿಡಾ ರಾಜ್ಯದ, ಟ್ಯಾಂಪಾ ಬೇ ಕೊಲ್ಲಿಯ ದಡದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದರು. ಹೆಲೀನ್ ಹರಿಕೇನ್ (ಹರಿಕೇನ್ ಅಂದರೆ ಇಲ್ಲಿನ ದೊಡ್ಡ ಚಂಡಮಾರುತ) ನಮ್ಮಿಂದ ನೂರು ಮೈಲಿಗೂ ಆಚೆ, ಸಮುದ್ರದಲ್ಲೇ ಉತ್ತರಕ್ಕೆ ಹಾದುಹೋಗುತ್ತದೆ ಅಂತ ಟಿವಿಯಲ್ಲಿ ತೋರಿಸುತ್ತಿದ್ದರು. ಮಳೆಯೂ ಅಂಥದ್ದೇನಿರಲಿಲ್ಲ. ನಾವು ಮಧ್ಯಾಹ್ನವೇ ಅವರನ್ನು ಒತ್ತಾಯ ಮಾಡಿ ಕಾರಿಗೆ ಹತ್ತಿಸಿ ಸಮುದ್ರದಿಂದ ಒಳಗಿರುವ ವೆಸ್ಲಿ ಚಾಪೆಲ್‌ನ ಸ್ನೇಹಿತರ ಮನೆಗೆ ಹೋದೆವು. ಆ ರಾತ್ರಿ ಬೀದಿಯ ಚರಂಡಿಗಳಿಂದಲೇ ಸಮುದ್ರ ಮೇಲೆ ಬಂತು. ಎರಡು ದಿನ ಬಿಟ್ಟು ವಾಪಸ್ ಬಂದಾಗ ನಮ್ಮ ಹಾಲ್‌ನ ಗೋಡೆಯ ಮೇಲೆ ನೀರಿನ ಗೆರೆ ಅಪ್ಪನ ಮಂಡಿಗಿಂತ ಮೇಲಿತ್ತು.

ಅಪ್ಪನ ತಪ್ಪೇನಿಲ್ಲ. ಮಲೆನಾಡಿನವರಿಗೆ ಮಳೆ ಅಂದರೆ ಮೇಲಿಂದ ಬೀಳುವುದು, ಬಿದ್ದ ಮೇಲೆ ಇಳಿಜಾರು ಹುಡುಕಿ ಹರಿದುಹೋಗುವುದು. ಇಲ್ಲಿ ಇಳಿಜಾರೇ ಇಲ್ಲ. ಗಾಳಿ ಸಮುದ್ರವನ್ನೇ ದಡದ ಮೇಲೆ ತಳ್ಳುತ್ತದೆ, ಆ ನೀರಿಗೆ ಹೋಗಲು ಜಾಗವಿಲ್ಲದೆ ಮನೆಯೊಳಗೆ ಬರುತ್ತದೆ. ಇದಕ್ಕೆ ಇಲ್ಲಿ ಸ್ಟಾರ್ಮ್ ಸರ್ಜ್ ಅನ್ನುತ್ತಾರೆ. ಉಳ್ಳಾಲ, ಮಲ್ಪೆ, ಹೊನ್ನಾವರದ ಕಡೆಯಿಂದ ಬಂದವರಿಗೆ ಕಡಲ್ಕೊರೆತ ನೋಡಿ ಗೊತ್ತಿರುವುದರಿಂದ ಬೇಗ ಅರ್ಥವಾಗುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಬಂದ ನಮ್ಮಂಥ ಬಹಳ ಜನರಿಗೆ ಆಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಟ್ಯಾಂಪಾ ಬೇ ಸುತ್ತಲಿನ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು, ಆದರೆ ಹ್ಯೂಸ್ಟನ್, ಫೋರ್ಟ್ ಮೈಯರ್ಸ್ ಕಡೆ ಇರುವವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ.

ಹರಿಕೇನ್ ಸೀಸನ್ ಜೂನ್ 1ರಿಂದ ನವೆಂಬರ್ 30ರವರೆಗೆ. ಕೆಳಗೆ ಹೇಳಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಮೇ ತಿಂಗಳಲ್ಲೇ, ಆಕಾಶ ನೀಲಿಯಾಗಿರುವಾಗಲೇ ಮಾಡಿ ಮುಗಿಸುವಂಥದ್ದು.

ಮೊದಲು ನಿಮ್ಮ ಜೋನ್ ತಿಳಿದುಕೊಳ್ಳಿ

ನಿಮ್ಮ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ವೆಬ್‌ಸೈಟಿನಲ್ಲಿ ಮನೆ ವಿಳಾಸ ಹಾಕಿದರೆ ಇವಾಕ್ಯುಯೇಷನ್ ಜೋನ್, ಅಂದರೆ ಮನೆ ಬಿಟ್ಟು ಹೊರಡಬೇಕಾದ ವಲಯ, ಯಾವುದು ಅಂತ ತೋರಿಸುತ್ತದೆ. ಪಿನೆಲಸ್, ಹಿಲ್ಸ್‌ಬರೋ ಕೌಂಟಿ ಎರಡರಲ್ಲೂ ಎ ಇಂದ ಇ ವರೆಗೆ ಅಕ್ಷರಗಳಿವೆ. ಎ ಅಂದರೆ ಎಲ್ಲಕ್ಕಿಂತ ತಗ್ಗು, ಮೊದಲು ಹೊರಡಬೇಕಾದವರು. ಯಾವ ಅಕ್ಷರವೂ ಬರದಿದ್ದರೆ ಸರ್ಜ್ ನೀರು ನಿಮ್ಮಲ್ಲಿಗೆ ಬರುವ ಸಾಧ್ಯತೆ ತೀರಾ ಕಡಿಮೆ.

ಇಲ್ಲಿ ಒಂದು ತಪ್ಪು ನಮ್ಮವರಲ್ಲಿ ಪದೇ ಪದೇ ನೋಡಿದ್ದೇನೆ. "ನಮ್ಮದು ಎಕ್ಸ್ ಜೋನ್, ಮನೆ ತಗೊಳ್ಳುವಾಗಲೇ ನೋಡಿದ್ದೀವಿ, ಚಿಂತೆ ಇಲ್ಲ" ಅನ್ನುತ್ತಾರೆ. ಎಕ್ಸ್, ಎಇ, ವಿಇ ಇವೆಲ್ಲ ಫ್ಲಡ್ ಜೋನ್‌ಗಳು. ಅವು ಇನ್ಶೂರೆನ್ಸಿಗೆ, ಬ್ಯಾಂಕಿನ ಸಾಲಕ್ಕೆ. ಮನೆ ಬಿಟ್ಟು ಹೊರಡುವ ಆದೇಶ ಬರುವುದು ಇವಾಕ್ಯುಯೇಷನ್ ಜೋನ್ ಪ್ರಕಾರ. ಎರಡೂ ಬೇರೆ ಬೇರೆ ನಕ್ಷೆಗಳು. ಫ್ಲಡ್ ನಕ್ಷೆಯಲ್ಲಿ ಎಕ್ಸ್ ಇರುವ ಮನೆ ಇವಾಕ್ಯುಯೇಷನ್ ನಕ್ಷೆಯಲ್ಲಿ ಬಿ ಆಗಿರಬಹುದು. ದಯವಿಟ್ಟು ಇವತ್ತೇ ಒಂದು ಸಲ ನೋಡಿ. ಮನೆಯಷ್ಟೇ ಅಲ್ಲ, ಮಕ್ಕಳ ಡೇಕೇರ್, ನಿಮ್ಮ ಆಫೀಸ್ ಯಾವ ಜೋನ್‌ನಲ್ಲಿವೆ ಅಂತಲೂ ನೋಡಿ.

ಮೊಬೈಲ್ ಹೋಮ್‌ನಲ್ಲಿ ಇರುವವರಿಗೆ ಅಕ್ಷರದ ಲೆಕ್ಕವಿಲ್ಲ. ಕೌಂಟಿ ಹೊರಡುವ ಆದೇಶ ಕೊಟ್ಟಿತು ಅಂದರೆ ಅವರು ಯಾವ ಜೋನ್‌ನಲ್ಲಿದ್ದರೂ ಹೊರಡಬೇಕು.

ಕೆಟಗರಿ ಕೇಳಿ ತೀರ್ಮಾನ ಮಾಡಬೇಡಿ

ಕೆಟಗರಿ 1ರಿಂದ 5ರವರೆಗಿನ ಅಂಕಿ ಬರೀ ಗಾಳಿಯ ವೇಗಕ್ಕೆ ಸಂಬಂಧಿಸಿದ್ದು. ನೀರು ಎಷ್ಟು ಬರುತ್ತದೆ ಅಂತ ಅದು ಹೇಳುವುದಿಲ್ಲ. ಹೆಲೀನ್ ದಡ ಮುಟ್ಟಿದ್ದು ಪೆರ್ರಿ ಹತ್ತಿರ, ನಮ್ಮಿಂದ ಎಷ್ಟೋ ದೂರದಲ್ಲಿ. ಆದರೂ ಟ್ಯಾಂಪಾ ಬೇ ನೀರಿನ ಮಟ್ಟ ದಾಖಲೆ ಮುರಿಯಿತು. ಎರಡು ವಾರ ಕಳೆಯುವಷ್ಟರಲ್ಲಿ, ಅಕ್ಟೋಬರ್ 9ರ ರಾತ್ರಿ, ಮಿಲ್ಟನ್ ನೇರವಾಗಿ ನಮ್ಮ ಕಡೆಗೇ ಬಂದು ಸ್ವಲ್ಪ ದಕ್ಷಿಣಕ್ಕೆ ಸಿಯೆಸ್ಟಾ ಕೀ ಹತ್ತಿರ ದಡ ಮುಟ್ಟಿತು. ಆಗ ಗಾಳಿ ಕೊಲ್ಲಿಯ ನೀರನ್ನು ಹೊರಕ್ಕೆ ಎಳೆದುಕೊಂಡಿದ್ದರಿಂದ ಟ್ಯಾಂಪಾ ಬೇಯಲ್ಲಿ ಸರ್ಜ್ ಬರಲೇ ಇಲ್ಲ. ಬದಲಿಗೆ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಒಂದೇ ದಿನಕ್ಕೆ 18 ಇಂಚು ಮಳೆ ಸುರಿಯಿತು. ಹತ್ತಿಪ್ಪತ್ತು ಮೈಲಿ ಆಚೀಚೆ ಆದರೆ ಕಥೆಯೇ ಬೇರೆ.

"ನೋಡಿ, ಸುಮ್ನೆ ಹೆದರಿಸಿದರು, ಏನೂ ಆಗಲಿಲ್ಲ" ಅಂತ ಮಿಲ್ಟನ್ ಆದಮೇಲೆ ಹೇಳಿದವರಿದ್ದಾರೆ. 2022ರಲ್ಲಿ ಇಯಾನ್ ಮೊದಲು ಟ್ಯಾಂಪಾ ಕಡೆಗೇ ಬರುತ್ತದೆ ಅಂತ ಕಾಣುತ್ತಿತ್ತು. ಚಂಡಮಾರುತದ ದಾರಿ ತೋರಿಸುವ ನಕ್ಷೆಯ ಶಂಕುವಿನ ಅಂಚಿನಲ್ಲಿದ್ದ ಲೀ ಕೌಂಟಿಯವರು (ಫೋರ್ಟ್ ಮೈಯರ್ಸ್ ಕಡೆಯವರು) ಇದು ನಮಗಲ್ಲ ಅಂದುಕೊಂಡರು. ಕೊನೆಗೆ ಹೋಗಿದ್ದು ಅವರ ಮೇಲೆಯೇ. ಫೋರ್ಟ್ ಮೈಯರ್ಸ್ ಬೀಚ್‌ನಲ್ಲಿ ನೀರು ಹತ್ತು ಅಡಿ ದಾಟಿತು. ಇಯಾನ್‌ಗೆ ನೇರವಾಗಿ ಬಲಿಯಾದ 66 ಜನರಲ್ಲಿ 41 ಮಂದಿ ಸರ್ಜ್ ನೀರಿನಲ್ಲಿ ಹೋದವರು.

ಆ ಶಂಕುವಿನ ಚಿತ್ರ ತೋರಿಸುವುದು ಚಂಡಮಾರುತದ ಕೇಂದ್ರ ಎಲ್ಲಿ ಹೋಗಬಹುದು ಅನ್ನುವುದನ್ನು ಮಾತ್ರ. ಮೂರರಲ್ಲಿ ಎರಡು ಸಲ ಕೇಂದ್ರ ಅದರೊಳಗೆ ಇರುತ್ತದೆ, ಒಂದು ಸಲ ಹೊರಗೆ ಹೋಗುತ್ತದೆ. ಗಾಳಿ, ನೀರು, ಮಳೆ ಅದರ ಗೆರೆಯಾಚೆಗೂ ಹಬ್ಬಿರುತ್ತವೆ. ಹಾಗಾಗಿ ನಮ್ಮ ಮನೆಯ ನಿಯಮ ಒಂದೇ. ಹೊರಡುವ ಆದೇಶದಲ್ಲಿ ನಮ್ಮ ಜೋನ್ ಅಕ್ಷರ ಕರೆದರೆ ಹೊರಡುತ್ತೇವೆ, ಚರ್ಚೆ ಇಲ್ಲ. ಆ ಚರ್ಚೆಯನ್ನು ಮೇ ತಿಂಗಳಲ್ಲೇ ಊಟದ ಟೇಬಲ್ ಹತ್ತಿರ ಕೂತು ಮುಗಿಸಿರುತ್ತೇವೆ.

ಎಲ್ಲಿಗೆ ಹೋಗುವುದು

ಬಹಳ ಜನ ಅಟ್ಲಾಂಟಾಕ್ಕೆ ಹೊರಡುತ್ತಾರೆ. ಬೇಕಿಲ್ಲ. ನೀರಿನಿಂದ ಓಡಿ, ಗಾಳಿಯಿಂದ ಅಡಗಿ ಅಂತ ಇಲ್ಲಿನ ಅಧಿಕಾರಿಗಳು ಪ್ರತಿ ವರ್ಷ ಹೇಳುತ್ತಾರೆ. ನೂರಾರು ಮೈಲಿ ಹೋಗಬೇಕಿಲ್ಲ, ಹತ್ತಾರು ಮೈಲಿ ಒಳಗೆ ಹೋದರೆ ಸಾಕು. ಹೊಸ ಕಟ್ಟಡ, ಎತ್ತರದ ಜಾಗ, ಇವಾಕ್ಯುಯೇಷನ್ ಅಕ್ಷರವಿಲ್ಲದ ವಿಳಾಸ. ಇಷ್ಟಿದ್ದರೆ ಆಯಿತು.

2005ರಲ್ಲಿ ಕತ್ರೀನಾ ಆದ ಕೆಲವೇ ವಾರಕ್ಕೆ ರೀಟಾ ಬರುತ್ತದೆ ಅಂದಾಗ ಹ್ಯೂಸ್ಟನ್ ಸುತ್ತಮುತ್ತಲಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೇ ರಸ್ತೆಗೆ ಬಿದ್ದರು. ಹೊರಡಬೇಕಿಲ್ಲದವರೂ ಹೊರಟಿದ್ದರು. ಕಾರುಗಳು ಬಿಸಿಲಿನಲ್ಲಿ ಇಡೀ ದಿನ ನಿಂತವು, ಪೆಟ್ರೋಲ್ ಖಾಲಿಯಾಯಿತು. ವೃದ್ಧಾಶ್ರಮದವರನ್ನು ಕರೆದೊಯ್ಯುತ್ತಿದ್ದ ಬಸ್ಸಿಗೆ ಡಲ್ಲಾಸ್ ಹತ್ತಿರ ಬೆಂಕಿ ಹತ್ತಿ 23 ಜನ ತೀರಿಕೊಂಡರು. ರೀಟಾದ ಸಾವುಗಳಲ್ಲಿ ಹೆಚ್ಚಿನವು ಗಾಳಿ, ನೀರಿನಿಂದ ಆದದ್ದಲ್ಲ, ದಾರಿಯಲ್ಲೇ ಆದದ್ದು. ಆದ್ದರಿಂದ ನಿಮ್ಮ ಜೋನ್ ಕರೆದಿಲ್ಲ, ಮನೆ ಗಟ್ಟಿಯಾಗಿದೆ ಅಂದರೆ ಮನೆಯಲ್ಲೇ ಇರಿ. ರಸ್ತೆಯನ್ನು ಎ, ಬಿ ಜೋನ್‌ನವರಿಗೆ ಬಿಟ್ಟುಕೊಡಿ. ಅದೂ ಒಂದು ದೊಡ್ಡ ಉಪಕಾರ.

ಮೊದಲ ಆಯ್ಕೆ ಸ್ನೇಹಿತರ ಮನೆ. ವೆಸ್ಲಿ ಚಾಪೆಲ್, ನ್ಯೂ ಟ್ಯಾಂಪಾ, ಬ್ರಾಂಡನ್, ಲೇಕ್‌ಲ್ಯಾಂಡ್ ಕಡೆ ನಿಮಗೆ ಗೊತ್ತಿರುವ ಒಂದು ಕನ್ನಡ ಮನೆ ಇದ್ದೇ ಇರುತ್ತದೆ ಅಲ್ವಾ. ಮೇ ತಿಂಗಳಲ್ಲಿ ಫೋನ್ ಮಾಡಿ ನೇರವಾಗಿ ಕೇಳಿ. "ನಮ್ಮ ಜೋನ್ ಕರೆದರೆ ನಾವು ನಾಲ್ಕು ಜನ, ಎರಡು ರಾತ್ರಿ ನಿಮ್ಮನೆಗೆ ಬರಬಹುದಾ?" ಅಂತ. ಸಂಕೋಚ ಬೇಡ. ಕೊನೆ ಗಳಿಗೆಯಲ್ಲಿ ಕೇಳಿದರೆ ಅವರ ಮನೆಯಲ್ಲಿ ಆಗಲೇ ಇನ್ನೆರಡು ಸಂಸಾರ ಬಂದಿರುತ್ತದೆ. ಅವರ ವಿಳಾಸವನ್ನೂ ಜೋನ್ ನಕ್ಷೆಯಲ್ಲಿ ಹಾಕಿ ನೋಡಿ. ಮನೆ ಮೇಲೆ ವಾಲಿದ ದೊಡ್ಡ ಓಕ್ ಮರ ಇದೆಯಾ ಅಂತಲೂ ಕೇಳಿ. ಹೋಗುವಾಗ ನಿಮ್ಮ ಹಾಸಿಗೆ, ಹೊದಿಕೆ, ನೀರು, ಅಕ್ಕಿ ಬೇಳೆ ನೀವೇ ತಗೊಂಡು ಹೋಗಿ. ಹತ್ತು ಜನಕ್ಕೆ ಅಡುಗೆ ಮಾಡುವ ಹೊರೆ ಒಬ್ಬರ ಮೇಲೆ ಬೀಳಬಾರದು.

ಎತ್ತರದಲ್ಲಿರುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ನೀವೇ ಮೊದಲು ಫೋನ್ ಮಾಡಿ ಕರೆಯಿರಿ. ಹೊಸದಾಗಿ ಬಂದ ಹುಡುಗರಿಗೆ, ಮಗು ಆಗಿರುವವರಿಗೆ ಯಾರನ್ನು ಕೇಳಬೇಕು ಅಂತಲೇ ಗೊತ್ತಿರುವುದಿಲ್ಲ.

ಎರಡನೆಯದು ಹೋಟೆಲ್. ಚಂಡಮಾರುತದ ಸುದ್ದಿ ಗಟ್ಟಿಯಾಗುತ್ತಿದ್ದಂತೆ ಆರ್ಲ್ಯಾಂಡೋವರೆಗೂ ರೂಮುಗಳು ತುಂಬುತ್ತವೆ. ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥದ್ದನ್ನು ನಾಲ್ಕೈದು ದಿನ ಮೊದಲೇ ಬುಕ್ ಮಾಡಿಡಿ.

ಮೂರನೆಯದು ಶೆಲ್ಟರ್.

ಶೆಲ್ಟರ್ ಅಂದರೆ ಏನು, ಏನಲ್ಲ

ಒಡಿಶಾದಲ್ಲಿ 1999ರ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ಆಮೇಲೆ ಅವರು ಕರಾವಳಿ ಉದ್ದಕ್ಕೂ ಕಂಬಗಳ ಮೇಲೆ ನಿಂತ ಗಟ್ಟಿ ಆಶ್ರಯ ಕಟ್ಟಡಗಳನ್ನು ಕಟ್ಟಿದರು, ಊರೂರಲ್ಲಿ ಜನರಿಗೆ ತರಬೇತಿ ಕೊಟ್ಟರು. 2019ರಲ್ಲಿ ಫನಿ ಬಂದಾಗ ಹನ್ನೆರಡು ಲಕ್ಷ ಜನರನ್ನು ಮುಂಚೆಯೇ ಸಾಗಿಸಿದ್ದರಿಂದ ಸಾವು ನೂರರೊಳಗೆ ನಿಂತಿತು. ಫ್ಲಾರಿಡಾದಲ್ಲಿ ಅಂಥ ಬೇರೆ ಕಟ್ಟಡಗಳಿಲ್ಲ. ಇಲ್ಲಿ ಹೆಚ್ಚಿನ ಶೆಲ್ಟರ್‌ಗಳು ಶಾಲೆಗಳು. ಜಿಮ್, ಕೆಫೆಟೇರಿಯಾ, ಕಾರಿಡಾರ್‌ಗಳಲ್ಲಿ ಜನ ಮಲಗುತ್ತಾರೆ. ಗಾಳಿ ತಡೆಯುವಂತೆ ಕಟ್ಟಿದ, ಸರ್ಜ್ ನೀರು ಬರದ ಜಾಗದಲ್ಲಿರುವ ಶಾಲೆಗಳನ್ನೇ ಆರಿಸಿರುತ್ತಾರೆ. ಜೀವ ಉಳಿಸಿಕೊಳ್ಳಲು ಅದು ಸಾಕು.

ಒಬ್ಬರಿಗೆ ಸಿಗುವುದು ಸುಮಾರು 20 ಚದರ ಅಡಿ. ಅಂದರೆ ಒಂದು ಚಾಪೆ ಹಾಸಿ ಪಕ್ಕದಲ್ಲಿ ಬ್ಯಾಗ್ ಇಡುವಷ್ಟು. ಮಂಚ, ಹಾಸಿಗೆ ಕೊಡುತ್ತಾರೆ ಅಂತ ನೆಚ್ಚಿಕೊಳ್ಳಬೇಡಿ. ಚಾಪೆ, ತೆಳು ಹಾಸಿಗೆ ಅಥವಾ ಯೋಗಾ ಮ್ಯಾಟ್, ಹೊದಿಕೆ, ದಿಂಬು ತಗೊಂಡು ಹೋಗಿ. ಎಸಿ ಜೋರಾಗಿದ್ದರೆ ರಾತ್ರಿ ಚಳಿ, ಕರೆಂಟ್ ಹೋದರೆ ಸೆಕೆ, ಹಾಗಾಗಿ ಎರಡಕ್ಕೂ ಬಟ್ಟೆ ಇರಲಿ. ವಯಸ್ಸಾದವರಿಗೆ ನೆಲದ ಮೇಲೆ ಕೂತು ಏಳುವುದು ಕಷ್ಟ. ಒಂದು ಮಡಿಸುವ ಕುರ್ಚಿ ಇದ್ದರೆ ಅವರ ಆ ರಾತ್ರಿಯೇ ಬೇರೆಯಾಗುತ್ತದೆ. ದೀಪಗಳು ಉರಿಯುತ್ತಲೇ ಇರುತ್ತವೆ, ಮಕ್ಕಳು ಅಳುತ್ತಿರುತ್ತಾರೆ, ಆದ್ದರಿಂದ ಕಿವಿಗೆ ಹತ್ತಿ, ಕಣ್ಣಿಗೆ ಬಟ್ಟೆ.

ಊಟ ಏನೋ ಕೊಡುತ್ತಾರೆ, ಸಸ್ಯಾಹಾರ ಸಿಗುತ್ತದೆ ಅಂತ ಹೇಳಲಾಗದು. ನಮ್ಮ ತಿಂಡಿಗಳು ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತವೆ. ಅವಲಕ್ಕಿ ಒಂದು ಬಟ್ಟಲು ತಣ್ಣೀರಿನಲ್ಲೇ ನೆನೆಯುತ್ತದೆ. ಚಟ್ನಿಪುಡಿ, ಹುರಿಹಿಟ್ಟು, ಬೆಲ್ಲ, ಕಡಲೆಬೀಜ, ಕೋಡುಬಳೆ, ಚಕ್ಕುಲಿ, ಎರಡು ದಿನ ಇಡುವ ಮೆಂತ್ಯದ ಚಪಾತಿ, ಬಾಳೆಹಣ್ಣು. ಒಲೆ ಬೇಕಿಲ್ಲ, ಫ್ರಿಜ್ ಬೇಕಿಲ್ಲ. ಅಮ್ಮ ಮೊದಲು ಇಡ್ಲಿ ಹಿಟ್ಟಿನ ಪಾತ್ರೆ ತಗೊಂಡು ಹೋಗೋಣ ಅಂದಿದ್ದರು, ಆಮೇಲೆ ಅವರೇ ಕೂತು ಅವಲಕ್ಕಿ, ಹುರಿಹಿಟ್ಟಿನ ಡಬ್ಬ ಕಟ್ಟಿದರು.

ಎಲ್ಲ ಶೆಲ್ಟರ್‌ಗಳೂ ಪ್ರತಿ ಸಲ ತೆರೆಯುವುದಿಲ್ಲ. ಹೋದ ವರ್ಷ ಹತ್ತಿರದ ಶಾಲೆ ತೆರೆದಿತ್ತು ಅಂತ ನೇರವಾಗಿ ಅಲ್ಲಿಗೆ ಹೋಗಬೇಡಿ. ಕೌಂಟಿಯ ಪಟ್ಟಿ ನೋಡಿ ಹೊರಡಿ. ಸಾಕುಪ್ರಾಣಿ ಇದ್ದರೆ ಅವಕ್ಕೆ ಜಾಗವಿರುವ ಶೆಲ್ಟರ್ ಬೇರೆ ಇರುತ್ತದೆ, ಪಂಜರ, ಲಸಿಕೆಯ ಕಾಗದ ಕೇಳುತ್ತಾರೆ. ಕಾರಿಲ್ಲದ ವಿದ್ಯಾರ್ಥಿಗಳಿಗೆ ಒಂದು ಮಾತು: ಹೊರಡುವ ಆದೇಶ ಬಂದಮೇಲೆ ಪಿನೆಲಸ್, ಹಿಲ್ಸ್‌ಬರೋ ಎರಡರಲ್ಲೂ ಸಿಟಿ ಬಸ್ಸುಗಳು ಶೆಲ್ಟರ್‌ಗೆ ಪುಕ್ಕಟೆ ಕರೆದುಕೊಂಡು ಹೋಗುತ್ತವೆ. ಗಾಳಿ ಜಾಸ್ತಿಯಾದರೆ ಬಸ್ಸು ನಿಲ್ಲುತ್ತದೆ, ಬೇಗ ಹತ್ತಿ.

ಇನ್ನೊಂದು ಅಂಜಿಕೆ ನಮ್ಮವರಲ್ಲಿದೆ. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನನ್ನು ಸರ್ಕಾರಿ ಶೆಲ್ಟರ್‌ಗೆ ಕರೆದುಕೊಂಡು ಹೋದರೆ ತೊಂದರೆಯಾಗುತ್ತಾ ಅಂತ. ಆಶ್ರಯ ಪಡೆಯಲು ಇಲ್ಲಿನ ಪ್ರಜೆಯಾಗಿರಬೇಕಿಲ್ಲ. ರೆಡ್ ಕ್ರಾಸ್ ತನ್ನ ಶೆಲ್ಟರ್‌ಗಳು ಎಲ್ಲರಿಗೂ ತೆರೆದಿವೆ ಅಂತ ಸ್ಪಷ್ಟವಾಗಿ ಹೇಳುತ್ತದೆ. ಈ ಅಂಜಿಕೆಯಿಂದ ಯಾರೂ ನೀರು ಬರುವ ಮನೆಯಲ್ಲಿ ಉಳಿಯಬಾರದು.

ಆಕ್ಸಿಜನ್, ಡಯಾಲಿಸಿಸ್, ಇನ್ಸುಲಿನ್

ಮನೆಯಲ್ಲಿ ಆಕ್ಸಿಜನ್ ಯಂತ್ರ ಇಟ್ಟುಕೊಂಡಿರುವವರು, ಡಯಾಲಿಸಿಸ್ ಆಗುತ್ತಿರುವವರು, ಎದ್ದು ಓಡಾಡಲಾಗದವರು ಇದ್ದರೆ ಸ್ಪೆಷಲ್ ನೀಡ್ಸ್ ಶೆಲ್ಟರ್‌ಗೆ ಈಗಲೇ ಹೆಸರು ಬರೆಸಿ. ಕೌಂಟಿಯವರು ಅದಕ್ಕೆ ಬೇರೆ ಪಟ್ಟಿ ಇಟ್ಟಿರುತ್ತಾರೆ. ಅಲ್ಲಿ ಜನರೇಟರ್ ಇರುತ್ತದೆ, ನರ್ಸ್ ಇರುತ್ತಾರೆ, ವಾಹನ ಬೇಕಾದರೆ ಕಳಿಸುತ್ತಾರೆ. ಚಂಡಮಾರುತ ಹೊಸ್ತಿಲಿಗೆ ಬಂದಾಗ ಹೆಸರು ಬರೆಸಲು ಹೋದರೆ ವಾಹನ ಸಿಗುವ ಭರವಸೆ ಇಲ್ಲ.

ಊರಿಂದ ಬಂದ ಹಿರಿಯರ ಮಾತ್ರೆಗಳ ಬಗ್ಗೆ ಒಂದು ಸಲಹೆ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆಗಳ ಸ್ಟ್ರಿಪ್ಪಿನ ಹಿಂಭಾಗದ ಫೋಟೋ ತೆಗೆದಿಡಿ, ಕಂಪನಿಯ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಔಷಧಿಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ ಅಂತ ಇರುತ್ತದಲ್ಲ, ಅದು ಕಾಣುವಂತೆ. ಇಲ್ಲಿನ ಡಾಕ್ಟರಿಗೆ ಅರ್ಥವಾಗುವುದು ಅದೇ. ಎರಡು ವಾರಕ್ಕಾಗುವಷ್ಟು ಮಾತ್ರೆ ಒಂದು ಡಬ್ಬದಲ್ಲಿ ಸದಾ ಬೇರೆ ಇರಲಿ. ಇನ್ಸುಲಿನ್‌ಗೆ ಸಣ್ಣ ಐಸ್ ಬಾಕ್ಸ್ ಬೇಕು, ಆದರೆ ಬಾಟಲಿ ನೇರವಾಗಿ ಮಂಜುಗಡ್ಡೆಗೆ ತಾಗಬಾರದು.

ಹಿರಿಯರಿಗೆ ಮುಂಚೆಯೇ ಹೇಳಿಡುವುದು ಬಹಳ ಮುಖ್ಯ. "ಅಪ್ಪಾ, ಇದು ಮಳೆಗಲ್ಲ, ಸಮುದ್ರಕ್ಕೆ" ಅಂತ ಒಂದು ಸಂಜೆ ನಕ್ಷೆ ತೋರಿಸಿ ಹೇಳಿ. ದೇವರ ಮನೆ ಬಿಟ್ಟು ಬರಲು ಅಮ್ಮನಿಗೆ ಮನಸ್ಸಾಗುವುದಿಲ್ಲ. ಯಾವ ವಿಗ್ರಹ, ಯಾವ ಫೋಟೋ ಬ್ಯಾಗಿಗೆ ಹೋಗಬೇಕು ಅಂತ ಅವರೇ ಮೊದಲೇ ಆರಿಸಿಡಲಿ. ನಮ್ಮ ಮನೆಯಲ್ಲಿ ಅದು ಒಂದು ಸಣ್ಣ ಸ್ಟೀಲ್ ಡಬ್ಬ. ಡಬ್ಬ ಕಾರಿನಲ್ಲಿ ಕೂತ ಮೇಲೆ ಅಮ್ಮನೂ ಕೂತರು.

ಯಾವಾಗ ಹೊರಡಬೇಕು

ನ್ಯಾಷನಲ್ ಹರಿಕೇನ್ ಸೆಂಟರ್ ದಿನಕ್ಕೆ ನಾಲ್ಕು ಸಲ ಪೂರ್ತಿ ವರದಿ ಕೊಡುತ್ತದೆ, ಬೆಳಿಗ್ಗೆ 5, 11, ಸಂಜೆ 5, ರಾತ್ರಿ 11ಕ್ಕೆ. ಆ ಹೊತ್ತಿಗೆ ಮಾತ್ರ ನೋಡಿ, ಸಾಕು. ನಡುವೆ ವಾಟ್ಸಾಪ್‌ನಲ್ಲಿ ಓಡಾಡುವ ನಕ್ಷೆಗಳಲ್ಲಿ ಅರ್ಧ ಹಳೆಯವು, ಕೆಲವು ಒಂದೇ ಒಂದು ಕಂಪ್ಯೂಟರ್ ಮಾಡೆಲಿನವು. ಅವನ್ನು ಮುಂದಕ್ಕೆ ಕಳಿಸಬೇಡಿ.

ವಾಚ್ (ಹರಿಕೇನ್ ಬರಬಹುದು ಅನ್ನುವ ಸೂಚನೆ) ಕೊಡುವುದು ಜೋರು ಗಾಳಿ ಶುರುವಾಗುವ ಸುಮಾರು 48 ಗಂಟೆ ಮೊದಲು, ವಾರ್ನಿಂಗ್ (ಬರುತ್ತದೆ ಅನ್ನುವ ಎಚ್ಚರಿಕೆ) ಸುಮಾರು 36 ಗಂಟೆ ಮೊದಲು. ಕೇಳಲು ಜಾಸ್ತಿ ಅನ್ನಿಸುತ್ತದೆ. ಆದರೆ ಪಿನೆಲಸ್ ಕೌಂಟಿ ಒಂದು ನಾಲಿಗೆಯಂತೆ ಸಮುದ್ರಕ್ಕೆ ಚಾಚಿಕೊಂಡಿದೆ. ಹತ್ತು ಲಕ್ಷದ ಹತ್ತಿರ ಜನ. ಟ್ಯಾಂಪಾ ಕಡೆಗೆ ದಾಟಲು ಹೋವರ್ಡ್ ಫ್ರಾಂಕ್‌ಲಂಡ್, ಗ್ಯಾಂಡಿ, ಕೋರ್ಟ್ನಿ ಕ್ಯಾಂಬೆಲ್, ದಕ್ಷಿಣಕ್ಕೆ ಸನ್‌ಶೈನ್ ಸ್ಕೈವೇ. ಇಷ್ಟು ಸೇತುವೆಗಳು ಬಿಟ್ಟರೆ ಉತ್ತರದ ನೆಲದ ದಾರಿ. ಗಾಳಿ ಒಂದೇ ಸಮನೆ ಗಂಟೆಗೆ 40 ಮೈಲಿ ಮುಟ್ಟಿತು ಅಂದರೆ ಸೇತುವೆ ಮುಚ್ಚುತ್ತಾರೆ. ಅಷ್ಟು ಗಾಳಿ ಹರಿಕೇನ್ ದಡ ಮುಟ್ಟುವುದಕ್ಕೆ ಎಷ್ಟೋ ಗಂಟೆ ಮೊದಲೇ ಬರುತ್ತದೆ. ಅದೇ ಸುಮಾರಿಗೆ ಆಂಬುಲೆನ್ಸ್, ಅಗ್ನಿಶಾಮಕದವರೂ ಹೊರಗೆ ಬರುವುದನ್ನು ನಿಲ್ಲಿಸುತ್ತಾರೆ. ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿದರೆ ಎತ್ತುತ್ತಾರೆ, ಬರಲಾಗುವುದಿಲ್ಲ.

ಹಾಗಾಗಿ ದಡ ಮುಟ್ಟುವ ಸಮಯ ನೋಡಿ ಲೆಕ್ಕ ಹಾಕಬೇಡಿ. ಹರಿಕೇನ್ ಸೆಂಟರ್‌ನವರೇ ಮೊದಲ ಜೋರು ಗಾಳಿ ನಿಮ್ಮೂರಿಗೆ ಯಾವಾಗ ಬರಬಹುದು ಅಂತ ಬೇರೆ ನಕ್ಷೆ ಕೊಡುತ್ತಾರೆ. ಆ ಹೊತ್ತಿಗೆ ನೀವು ಸ್ನೇಹಿತರ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿರಬೇಕು. ನಮ್ಮ ಲೆಕ್ಕ ಹೀಗೆ: ಆ ಸಮಯಕ್ಕಿಂತ ಒಂದು ಪೂರ್ತಿ ದಿನ ಮೊದಲು, ಹಗಲಲ್ಲಿ ಹೊರಡುವುದು. ಮಾಮೂಲಿ 40 ನಿಮಿಷದ ದಾರಿಗೆ ನಾಲ್ಕು ಗಂಟೆ ಹಿಡಿಯುವುದು.

ವಿಮಾನದ ಆಸೆ ಬಿಡಿ. ಟ್ಯಾಂಪಾ ವಿಮಾನ ನಿಲ್ದಾಣ ಮಿಲ್ಟನ್ ಬರುವ ಹಿಂದಿನ ದಿನವೇ ಮುಚ್ಚಿತ್ತು. ಅದೂ ಕೊಲ್ಲಿಯ ದಡದಲ್ಲೇ ಇರುವ ತಗ್ಗು ಜಾಗ.

ಮಿಲ್ಟನ್ ಹುಟ್ಟಿದ್ದು ಅಕ್ಟೋಬರ್ 5ಕ್ಕೆ. 7ಕ್ಕೆ ಕೆಟಗರಿ 5. 9ರ ರಾತ್ರಿ ದಡದಲ್ಲಿ. ಹೆಲೀನ್‌ನ ಒದ್ದೆ ಸೋಫಾ, ಕಾರ್ಪೆಟ್‌ಗಳು ಇನ್ನೂ ಬೀದಿಬದಿಯಲ್ಲಿ ರಾಶಿ ಬಿದ್ದಿದ್ದವು. ಯೋಚನೆ ಮಾಡಲು ಸಿಗುವ ಸಮಯ ಅಷ್ಟೇ.

ಬ್ಯಾಗ್, ಕಾಗದ, ಕಾರು

ಜಿಪ್ ಇರುವ, ನೀರು ಹೋಗದ ಒಂದು ಚೀಲದಲ್ಲಿ: ಎಲ್ಲರ ಪಾಸ್‌ಪೋರ್ಟ್, ಐ-797 (ವೀಸಾ ಅರ್ಜಿಯ ಮಂಜೂರಾತಿ ಪತ್ರ), ಐ-94 (ದೇಶದೊಳಗೆ ಬಂದ ದಾಖಲೆ) ಪ್ರತಿ, ಗ್ರೀನ್ ಕಾರ್ಡ್ ಅಥವಾ ಒಸಿಐ, ಮಕ್ಕಳ ಜನನ ಪ್ರಮಾಣಪತ್ರ, ಮದುವೆ ಪ್ರಮಾಣಪತ್ರ, ಮನೆಯ ಕಾಗದ ಅಥವಾ ಲೀಸ್, ಇನ್ಶೂರೆನ್ಸ್, ಹಿರಿಯರ ಟ್ರಾವೆಲ್ ಇನ್ಶೂರೆನ್ಸ್ ಕಾರ್ಡ್. ಪಾಸ್‌ಪೋರ್ಟ್ ಒದ್ದೆಯಾಗಿ ಹಾಳಾದರೆ ಹೊಸದು ಮಾಡಿಸಿ, ಅದರಲ್ಲಿದ್ದ ವೀಸಾ ಮತ್ತೆ ಹಾಕಿಸುವಷ್ಟರಲ್ಲಿ ತಿಂಗಳುಗಳು ಹೋಗುತ್ತವೆ. ಇದು ಸೋಫಾ ಟಿವಿಗಿಂತ ಮುಖ್ಯ. ಎಲ್ಲದರ ಫೋಟೋ ಇಂಟರ್‌ನೆಟ್‌ನಲ್ಲೂ, ಊರಲ್ಲಿ ನಂಬಿಕೆಯ ಒಬ್ಬರ ಹತ್ತಿರವೂ ಇರಲಿ. ಜೊತೆಗೆ ಸಣ್ಣ ನೋಟುಗಳಲ್ಲಿ ನಗದು. ಕರೆಂಟ್ ಇಲ್ಲದ ಕಡೆ ಕಾರ್ಡ್ ನಡೆಯುವುದಿಲ್ಲ.

ನೀರು ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ನಾಲ್ಕು ಲೀಟರ್ ಹತ್ತಿರ. ಮನೆಯಲ್ಲೇ ಉಳಿಯುವವರಾದರೆ ಒಂದು ವಾರಕ್ಕಾಗುವಷ್ಟು ಇರಲಿ.

ಸೀಸನ್ ಪೂರ್ತಿ ಕಾರಿನ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. 2017ರಲ್ಲಿ ಇರ್ಮಾ ಬಂದಾಗ ಬಂಕ್‌ಗಳಲ್ಲಿ ಪೆಟ್ರೋಲ್ ಸಿಗಲಿಲ್ಲ. ಎಲೆಕ್ಟ್ರಿಕ್ ಕಾರಿನವರು ಇದನ್ನು ಎರಡು ಸಲ ಓದಿ, ನಮ್ಮಲ್ಲಿ ಅದು ಬಹಳ ಮನೆಗಳಲ್ಲಿದೆ. ಉಪ್ಪುನೀರಿನಲ್ಲಿ ಮುಳುಗಿದ ಲಿಥಿಯಂ ಬ್ಯಾಟರಿಗೆ ತಾನಾಗಿ ಬೆಂಕಿ ಹತ್ತಬಹುದು, ಕೆಲವು ಸಲ ನೀರು ಇಳಿದು ದಿನಗಳಾದ ಮೇಲೆ. ಎ, ಬಿ ಜೋನ್‌ನ ಗ್ಯಾರೇಜಿನಲ್ಲಿ ಅಂಥ ಕಾರು ಬಿಟ್ಟು ಹೋಗಬೇಡಿ. ಮಕ್ಕಳ ಎಲೆಕ್ಟ್ರಿಕ್ ಸ್ಕೂಟರ್‌ಗೂ ಇದೇ ಮಾತು. ಎರಡನೇ ಕಾರನ್ನು ಬಹುಮಹಡಿ ಪಾರ್ಕಿಂಗ್‌ನಲ್ಲಿ ಮೇಲಿನ ಮಹಡಿಗೆ ಹಾಕಿ, ಕೆಲವು ನಗರಗಳು ಅಂಥ ಸಮಯದಲ್ಲಿ ಪುಕ್ಕಟೆ ಬಿಡುತ್ತವೆ.

ನೀರು ನಿಂತ ರಸ್ತೆಗೆ ಕಾರು ಇಳಿಸಬೇಡಿ. ಹರಿಯುವ ನೀರು ಆರು ಇಂಚು ಇದ್ದರೂ ದೊಡ್ಡವರನ್ನು ಬೀಳಿಸುತ್ತದೆ, ಒಂದು ಅಡಿ ಸಣ್ಣ ಕಾರನ್ನು ತೇಲಿಸುತ್ತದೆ, ಎರಡು ಅಡಿ ಎಸ್‌ಯುವಿಯನ್ನೂ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಬ್ಬರನ್ನು ಆರಿಸಿ, ನೀವು ಅವರೊಬ್ಬರಿಗೆ ಮೆಸೇಜ್ ಹಾಕುತ್ತೀರಿ, ಅವರು ಉಳಿದ ನೆಂಟರಿಗೆಲ್ಲ ಹೇಳುತ್ತಾರೆ ಅಂತ ಮೊದಲೇ ಗೊತ್ತುಮಾಡಿಡಿ. ಇಲ್ಲದಿದ್ದರೆ ಹೊರಡುವ ಗಡಿಬಿಡಿಯಲ್ಲಿ ಹದಿನೈದು ಜನರ ಫೋನ್ ಎತ್ತಬೇಕಾಗುತ್ತದೆ, ಬ್ಯಾಟರಿ ಮುಗಿಯುತ್ತದೆ. ಟವರ್ ದುರ್ಬಲವಾಗಿದ್ದಾಗ ಕಾಲ್ ಹೋಗದಿದ್ದರೂ ಮೆಸೇಜ್ ಹೋಗುತ್ತದೆ.

ಬಾಗಿಲು ಹಾಕುವ ಮುಂಚೆ

ಪ್ರತಿ ಕೋಣೆ, ಪ್ರತಿ ಕಪಾಟು ತೆಗೆದು ವಿಡಿಯೋ ಮಾಡಿ. ಐದು ನಿಮಿಷದ ಕೆಲಸ, ಇನ್ಶೂರೆನ್ಸ್‌ನವರು ಕೇಳುವುದು ಇದನ್ನೇ. ಕೆಳಗಿರುವ ಪುಸ್ತಕ, ಬಟ್ಟೆ, ಸೀರೆಗಳ ಪೆಟ್ಟಿಗೆ ಮೇಲಕ್ಕೆತ್ತಿ. ಮೇನ್ ಸ್ವಿಚ್ ಆಫ್ ಮಾಡಿ. ಮರಳಿನ ಚೀಲ ಮಳೆನೀರನ್ನು ಸ್ವಲ್ಪ ತಡೆಯುತ್ತದೆ, ಸಮುದ್ರವನ್ನು ತಡೆಯುವುದಿಲ್ಲ, ಅದಕ್ಕೋಸ್ಕರ ಮೂರು ಗಂಟೆ ಸಾಲಿನಲ್ಲಿ ನಿಂತು ಹೊರಡುವುದನ್ನು ತಡ ಮಾಡಬೇಡಿ.

ಮಾಮೂಲಿ ಮನೆ ಇನ್ಶೂರೆನ್ಸ್‌ನಲ್ಲಿ ಪ್ರವಾಹದ ನಷ್ಟ ಸೇರಿಲ್ಲ. ಫ್ಲಡ್ ಇನ್ಶೂರೆನ್ಸ್ ಬೇರೆ ತಗೋಬೇಕು, ಸರ್ಕಾರಿ ಯೋಜನೆಯದ್ದು ಸಾಮಾನ್ಯವಾಗಿ ಕಟ್ಟಿದ 30 ದಿನದ ಮೇಲೆ ಶುರುವಾಗುತ್ತದೆ. ಬಾಡಿಗೆಗೆ ಇರುವವರೂ ಸಾಮಾನಿಗೆ ಮಾತ್ರ ಮಾಡಿಸಬಹುದು. ನಮಗೆ ಇದು ತಡವಾಗಿ ಗೊತ್ತಾಯಿತು. ಮನೆ ಕೊಡಿಸಿದವರು "ಇಲ್ಲಿ ನೀರು ಬಂದದ್ದೇ ಇಲ್ಲ" ಅಂದಿದ್ದರು, ನಾವು ನಂಬಿ ಬಿಟ್ಟಿದ್ದೆವು. ಟ್ಯಾಂಪಾ ಬೇಗೆ ದೊಡ್ಡ ಹರಿಕೇನ್ ನೇರವಾಗಿ ಬಡಿದದ್ದು 1921ರ ಅಕ್ಟೋಬರ್‌ನಲ್ಲಿ. ಆಗ ಸಮುದ್ರ ಹತ್ತು ಅಡಿಯಷ್ಟು ಏರಿತ್ತು. ಅದನ್ನು ಕಂಡವರು ಈಗ ಯಾರೂ ಇಲ್ಲ, ಆದ್ದರಿಂದಲೇ ಆ ಮಾತು ಎಲ್ಲರ ಬಾಯಲ್ಲೂ ಬರುತ್ತದೆ.

ಏನೇನೋ ಆಗಿ ಹೊರಡಲಾಗದೆ ಸಿಕ್ಕಿಕೊಂಡಿರಿ ಅಂತಿಟ್ಟುಕೊಳ್ಳಿ. ಆಗ ನೀರು ಬರುವ ಮೊದಲೇ ಎರಡನೇ ಮಹಡಿ ಅಥವಾ ಹತ್ತಿರದ ಗಟ್ಟಿ ಕಾಂಕ್ರೀಟ್ ಕಟ್ಟಡದ ಮೇಲಿನ ಮಹಡಿಗೆ ಹೋಗಿ. ಹೊರಗೆ ದಾರಿಯಿಲ್ಲದ ಅಟ್ಟಕ್ಕೆ ಹತ್ತಬೇಡಿ, ನೀರು ಹಿಂಬಾಲಿಸಿದರೆ ಅಲ್ಲಿಂದ ಹೊರಬರಲು ಆಗುವುದಿಲ್ಲ. ನಡುವೆ ಗಾಳಿ ನಿಂತು ಆಕಾಶ ತಿಳಿಯಾದರೆ ಅದು ಹರಿಕೇನ್‌ನ ಕಣ್ಣು. ಇನ್ನರ್ಧ ಬಾಕಿ ಇದೆ, ಹೊರಗೆ ಹೋಗಬೇಡಿ.

ವಾಪಸ್ ಬರುವಾಗ

ಅವಸರ ಮಾಡಬೇಡಿ. ಅಧಿಕಾರಿಗಳು ದಾರಿ ಬಿಟ್ಟಿದ್ದಾರೆ ಅಂತ ಖಾತ್ರಿಯಾದ ಮೇಲೆ ಹೊರಡಿ. ಬೀಚ್ ಕಡೆಯ ದ್ವೀಪಗಳಲ್ಲಿ ಇರುವವರಿಗೆ ಪಿನೆಲಸ್ ಕೌಂಟಿ ವಾಪಸ್ ಹೋಗಲು ಪಾಸ್ ಕೊಡುತ್ತದೆ, ಅದನ್ನೂ ಮೇ ತಿಂಗಳಲ್ಲೇ ತಗೊಳ್ಳಿ. ಮಿಲ್ಟನ್ ಆದಮೇಲೆ ರಾಜ್ಯದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಇರಲಿಲ್ಲ. ಸಿಗ್ನಲ್ ದೀಪ ಉರಿಯದಿದ್ದರೆ ನಾಲ್ಕೂ ಕಡೆಯವರು ನಿಂತು ಹೋಗಬೇಕು.

ಜನರೇಟರ್ ಮನೆಯೊಳಗೆ, ಗ್ಯಾರೇಜಿನಲ್ಲಿ, ವರಾಂಡದಲ್ಲಿ ಇಡಬಾರದು. ಮನೆಯಿಂದ 20 ಅಡಿ ದೂರ, ಹೊಗೆ ಕಿಟಕಿ ಬಾಗಿಲಿನ ಕಡೆ ಬರದಂತೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಚಂಡಮಾರುತದಲ್ಲಿ ಬದುಕಿ ಉಳಿದವರು ಆಮೇಲೆ ನಿದ್ದೆಯಲ್ಲೇ ಸಾಯುವುದು ಇದರಿಂದ.

ನೀರು ಹೊಕ್ಕ ಮನೆಯಾದರೆ ಎಲೆಕ್ಟ್ರಿಷಿಯನ್ ನೋಡುವ ಮುಂಚೆ ಸ್ವಿಚ್ ಹಾಕಬೇಡಿ. ಒರೆಸುವ ಮೊದಲು ಗೋಡೆಯ ಗೆರೆಯ ಪಕ್ಕ ಟೇಪ್ ಹಿಡಿದು ಫೋಟೋ ತೆಗೆಯಿರಿ. ಆ ನೀರಲ್ಲಿ ಚರಂಡಿ ಸೇರಿರುತ್ತದೆ, ಆದ್ದರಿಂದ ಬೂಟು, ಗ್ಲೌಸ್ ಹಾಕದೆ ಇಳಿಯಬೇಡಿ, ಮಕ್ಕಳನ್ನು ಆಡಲು ಬಿಡಬೇಡಿ, ನೀರು ಮುಟ್ಟಿದ ಅಕ್ಕಿ, ಬೇಳೆ, ಮಾತ್ರೆಗಳನ್ನು ಪ್ಯಾಕೆಟ್ ಒಡೆಯದಿದ್ದರೂ ಎಸೆಯಿರಿ. ಅಮ್ಮ ಊರಿಂದ ತಂದಿದ್ದ ಸಾರಿನಪುಡಿಯ ಡಬ್ಬವನ್ನು ಎರಡು ಸಲ ಕಸದಿಂದ ವಾಪಸ್ ತೆಗೆದಿಟ್ಟಿದ್ದರು. ಮೂರನೇ ಸಲ ಅಪ್ಪನೇ ತಗೊಂಡು ಹೋಗಿ ಬೀದಿಯ ರಾಶಿಗೆ ಹಾಕಿ ಬಂದರು.